ಬಾಳಿಕೆ ಬರುವ ತಟ್ಟೆ ಯಾವುದು?

ಮನೆಯ ಸಾಮಾನುಗಳಲ್ಲಿ ದಿನಕ್ಕೆ ಮೂರು ಹೊತ್ತು ತಪ್ಪದೆ ದುಡಿಯುವುದು ಉಣ್ಣುವ ತಟ್ಟೆ. ವರ್ಷಕ್ಕೆ ಸಾವಿರ ಸಲಕ್ಕೂ ಮೇಲ್ಪಟ್ಟು ಅದು ಬಿಸಿಯನ್ನು ಹೊರುತ್ತದೆ, ಹುಳಿ ಉಪ್ಪುಗಳನ್ನು ಸಹಿಸುತ್ತದೆ, ಅಷ್ಟೇ ಸಲ ತಿಕ್ಕಿಸಿಕೊಂಡು ತೊಳೆಸಿಕೊಳ್ಳುತ್ತದೆ. ಆದರೂ ಮನೆಯವರ ವಿಚಾರಕ್ಕೆ ಅತ್ಯಂತ ಕಡಿಮೆ ಪಾತ್ರವಾದ ವಸ್ತು ಅದೇ. ಮದುವೆಯ ಒಂದು ದಿನಕ್ಕೆ ಉಡುವ ಸೀರೆಯನ್ನು ಆರಿಸಲು ಅರ್ಧ ದಿನ ಅಂಗಡಿಯಲ್ಲಿ ಕುಳಿತಿರುವ ಸಂಸಾರ, ಇಪ್ಪತ್ತು ವರ್ಷ ಉಣ್ಣಬೇಕಾದ ತಟ್ಟೆಯನ್ನು ಹೊಳಪು ನೋಡಿ ಐದು ನಿಮಿಷದಲ್ಲಿ ಕೊಂಡು ತರುತ್ತದೆ. ಎಷ್ಟೋ ಮನೆಗಳಲ್ಲಿ ಅಷ್ಟು ಶ್ರಮವೂ ಇಲ್ಲ. ಮುಯ್ಯಿಯಾಗಿ ಬಂದದ್ದು, ಹಳೆಯ ಬಟ್ಟೆಗೆ ಬದಲಾಗಿ ಬಂದದ್ದು, ಯಾವುದೋ ಸಾಮಾನಿನ ಜೊತೆಗೆ ಪುಕ್ಕಟೆಯಾಗಿ ಬಂದದ್ದು, ಇವುಗಳಲ್ಲಿಯೇ ಊಟ ನಡೆದುಹೋಗುತ್ತದೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟ ಎರಡು ಬಗೆಯದು. ಮೊದಲನೆಯದು ಹಣದ್ದು. ಅಗ್ಗದ ತಟ್ಟೆಯನ್ನು ಮೂರು ಸಲ ಕೊಳ್ಳುವವನು ಒಳ್ಳೆಯ ತಟ್ಟೆಯನ್ನು ಒಂದೇ ಸಲ ಕೊಂಡವನಿಗಿಂತ ಹೆಚ್ಚು ತೆರುತ್ತಾನೆ. ಎರಡನೆಯದು ಆರೋಗ್ಯದ್ದು. ತಟ್ಟೆ ಸವೆಯುತ್ತದೆ ಎಂದರೆ ಅದರ ಕಣಗಳು ಎಲ್ಲಿಗೋ ಹೋಗಬೇಕಷ್ಟೆ. ಒಂದು ಪಾಲು ಬಚ್ಚಲಿಗೆ ಹೋದರೆ ಇನ್ನೊಂದು ಪಾಲು ತುತ್ತಿನೊಡನೆ ಹೊಟ್ಟೆಗೆ ಹೋಗುತ್ತದೆ. ಆದುದರಿಂದ ಬಾಳಿಕೆಯ ಪ್ರಶ್ನೆ ಕೇವಲ ಜಿಪುಣತನದ ಪ್ರಶ್ನೆಯಲ್ಲ.

ದಿನಬಳಕೆಯ ತಟ್ಟೆ ನಾಲ್ಕು ಪರೀಕ್ಷೆಗಳನ್ನು ಎದುರಿಸಬೇಕು. ಕೈ ಜಾರಿ ಬಿದ್ದಾಗ ಉಳಿಯಬೇಕು, ತಿಕ್ಕಿದಾಗ ಸವೆಯಬಾರದು, ಹುಳಿ ಉಪ್ಪುಗಳಿಗೆ ಕರಗಬಾರದು, ಬಿಸಿಗೆ ಸೀಳಬಾರದು, ಸೊಟ್ಟಗಾಗಬಾರದು. ಈ ನಾಲ್ಕರಲ್ಲಿಯೂ ನೂರಕ್ಕೆ ನೂರು ಅಂಕ ಗಳಿಸಿದ ವಸ್ತು ಇದುವರೆಗೆ ಹುಟ್ಟಿಲ್ಲ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತದೆ. ಯಾವುದು ಯಾವುದರಲ್ಲಿ ಸೋಲುತ್ತದೆ ಎಂಬುದನ್ನು ತಿಳಿದುಕೊಳ್ಳುವುದೇ ಆಯ್ಕೆಯ ಮರ್ಮ.

ಕನ್ನಡನಾಡಿನ ಹಳೆಯ ಮನೆಗಳಲ್ಲಿ ಔತಣಕ್ಕೆ ಬಾಳೆಯೆಲೆ ಅಥವಾ ಮುತ್ತುಗದ ಎಲೆ, ನಿತ್ಯದ ಊಟಕ್ಕೆ ಲೋಹದ ತಟ್ಟೆ ಎಂಬ ವ್ಯವಸ್ಥೆಯಿತ್ತು. ಎಲೆಗೆ ಬಾಳಿಕೆಯ ಚಿಂತೆಯೇ ಇಲ್ಲ. ಉಂಡೊಡನೆ ಅದರ ಆಯುಸ್ಸು ಮುಗಿಯುತ್ತದೆ. ಲೋಹಗಳಲ್ಲಿ ಕಂಚು ಮತ್ತು ಹಿತ್ತಾಳೆ ಮುಖ್ಯವಾದವು. ಇವೆರಡನ್ನೂ ಒಂದೇ ಎಂದು ಭಾವಿಸುವವರುಂಟು. ಎರಡಕ್ಕೂ ತಾಯಿ ತಾಮ್ರವೇ ಹೌದು. ಆದರೆ ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಊಟದ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಇಷ್ಟು ತವರ ಸೇರಿದ ಲೋಹ ಬಹಳ ಗಡುಸು. ತಣ್ಣಗಿರುವಾಗ ಸುತ್ತಿಗೆಯಿಂದ ಬಡಿದರೆ ಸೀಳುತ್ತದೆ. ಆದುದರಿಂದ ಕಂಚುಗಾರರು ಅದನ್ನು ಕೆಂಪಗೆ ಕಾಯಿಸಿ ಬಡಿದು, ಬಿಸಿಯಾಗಿರುವಾಗಲೇ ನೀರಿನಲ್ಲಿ ಅದ್ದಿ ಹದಗೊಳಿಸುತ್ತಾರೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಂಚು ಗಂಟೆಯಂತೆ ದೀರ್ಘವಾಗಿ ನುಡಿಯುತ್ತದೆ. ಹಿತ್ತಾಳೆಯ ದನಿ ಬೇಗನೆ ಅಡಗುತ್ತದೆ.

ತಿಕ್ಕುವ ಪರೀಕ್ಷೆಯಲ್ಲಿ ಕಂಚು ತಲೆಮಾರುಗಳನ್ನು ಗೆಲ್ಲುತ್ತದೆ. ಅಜ್ಜ ಉಂಡ ತಟ್ಟೆಯಲ್ಲಿ ಮೊಮ್ಮಗ ಉಣ್ಣುವುದು ಕರಾವಳಿ ಮಲೆನಾಡುಗಳ ಮನೆಗಳಲ್ಲಿ ಅಪರೂಪವಲ್ಲ. ಬೀಳುವ ಪರೀಕ್ಷೆಯಲ್ಲಿ ಮಾತ್ರ ಅದು ಸೋಲುತ್ತದೆ. ಕಲ್ಲುಚಪ್ಪಡಿಯ ಮೇಲೆ ಅಂಚು ತಗುಲಿ ಬಿದ್ದರೆ ಬಿರುಕು ಬಿಟ್ಟೀತು. ಬಿರುಕು ಬಿಟ್ಟ ಕಂಚನ್ನು ಕರಗಿಸಿ ಮತ್ತೆ ಎರಕ ಹೊಯ್ಯಬೇಕಲ್ಲದೆ ತೇಪೆ ಹಾಕಿ ಮೊದಲಿನಂತೆ ಮಾಡಲಾಗದು. ಹುಳಿಯನ್ನು ಊಟದ ಹೊತ್ತಿನಷ್ಟು ಕಾಲ ತಾಳಿಕೊಂಡೀತು. ಆದರೆ ಮೊಸರನ್ನೋ ಹುಳಿಸಾರನ್ನೋ ರಾತ್ರಿಯೆಲ್ಲ ಅದರಲ್ಲಿ ಬಿಟ್ಟಿರಬಾರದು.

ಹಿತ್ತಾಳೆ ಬಿದ್ದರೆ ನೆಗ್ಗುತ್ತದೆ, ಒಡೆಯುವುದಿಲ್ಲ. ಅದರ ಶತ್ರು ಹುಳಿ. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹಿತ್ತಾಳೆ ಥಳಥಳಿಸುತ್ತದೆಂದು ಎಲ್ಲ ಗೃಹಿಣಿಯರಿಗೂ ಗೊತ್ತು. ಹಾಗೇಕೆ ಹೊಳೆಯುತ್ತದೆ? ಮೇಲಿನ ಕಪ್ಪನ್ನು ಹುಳಿ ಕರಗಿಸಿ ತೆಗೆಯುವುದರಿಂದ. ಬಚ್ಚಲಿನಲ್ಲಿ ಹುಣಿಸೆಹಣ್ಣು ಮಾಡುವ ಕೆಲಸವನ್ನು ತಟ್ಟೆಯಲ್ಲಿರುವ ಹುಳಿಯೂ ಮಾಡುತ್ತದೆ. ಆಗ ಕರಗಿದ ತಾಮ್ರ ಅನ್ನದಲ್ಲಿ ಸೇರುತ್ತದೆ. ಇದೇ ‘ಕಿಲುಬು’ ಎಂದು ಹಿರಿಯರು ಹೆದರುತ್ತಿದ್ದ ದೋಷ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಕಲಾಯಿ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ಸೋಕಿಸಿ, ಅರಳೆಯಿಂದ ಒರಸಿದರೆ ಒಳಮೈಗೆಲ್ಲ ಬೆಳ್ಳಿಯಂತಹ ಹೊದಿಕೆ ಬರುತ್ತದೆ. ತವರ ಕರಗುವುದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆದುದರಿಂದ ಬೀದಿಬದಿಯ ತಿದಿಯೊಲೆಯ ಕಾವೇ ಈ ಕೆಲಸಕ್ಕೆ ಸಾಕು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿಟ್ಟ ಆಹಾರ ತಿನ್ನಲು ಯೋಗ್ಯವಲ್ಲವೆಂದು ಭಾರತ ಸರ್ಕಾರದ 2011ರ ಆಹಾರ ಸುರಕ್ಷತೆಯ ನಿಯಮಗಳೂ ಸಾರಿದುವು. ಅಜ್ಜಿಯ ಮಾತಿಗೆ ಶಾಸನದ ಮುದ್ರೆ ಬಿದ್ದಂತಾಯಿತು.

ಇಲ್ಲಿಯೇ ಒಂದು ಸತ್ಯ ಹೊಳೆಯುತ್ತದೆ. ಹಿತ್ತಾಳೆ ಲೋಹವಾಗಿ ನೂರು ವರ್ಷ ಬಾಳೀತು. ಆದರೆ ಕಲಾಯಿ ಹಾಕುವವನು ಬೀದಿಗೆ ಬರುವುದನ್ನು ನಿಲ್ಲಿಸಿದ ದಿನವೇ ಊಟದ ತಟ್ಟೆಯಾಗಿ ಅದರ ಬಾಳು ಮುಗಿಯಿತು. ವಸ್ತುವಿನ ಬಾಳಿಕೆ ವಸ್ತುವಿನಲ್ಲಿ ಅರ್ಧ, ಅದನ್ನು ನೋಡಿಕೊಳ್ಳುವ ಕೈಗಳಲ್ಲಿ ಅರ್ಧ. ಕಲಾಯಿಯವರು ಈಗಲೂ ಸಿಕ್ಕುವ ಊರಿನವರಿಗೆ ಹಿತ್ತಾಳೆ ಒಳ್ಳೆಯದೇ. ಶುದ್ಧ ತವರವನ್ನೇ ಹಾಕಿಸಬೇಕು, ಸೀಸ ಬೆರೆತದ್ದನ್ನು ಹಾಕಿಸಬಾರದು ಎಂಬ ಎಚ್ಚರವೊಂದಿರಲಿ. ಸೀಸ ವಿಷ, ಬೆಳೆಯುವ ಮಕ್ಕಳಿಗಂತೂ ಕಡುವಿಷ.

ಹಿತ್ತಾಳೆಯ ಜಾಗಕ್ಕೆ ಬಡವರ ಮನೆಯಲ್ಲಿ ಮೊದಲು ಬಂದದ್ದು ಅಲ್ಯೂಮಿನಿಯಂ. ಉಕ್ಕಿನ ಮೂರನೆಯ ಒಂದು ಪಾಲಷ್ಟೇ ತೂಕ, ಬೆಲೆಯೂ ಅಗ್ಗ. ಆದರೆ ಲೋಹ ಮೆದು. ಸೌಟು ತಗುಲಿದರೆ ಗೀರು, ಬಿದ್ದರೆ ನೆಗ್ಗು. ಹುಳಿಯೂ ಅದನ್ನು ತಿನ್ನುತ್ತದೆ, ತೊಳೆಯುವ ಸೋಡವೂ ತಿನ್ನುತ್ತದೆ. ಬಿಸಿಯನ್ನು ಬಹು ಬೇಗ ಹಾಯಿಸುವುದರಿಂದ ಬಿಸಿ ಮುದ್ದೆ ಹಾಕಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡವನ ಗತಿ ಹೇಳತೀರದು. ಅಡಿಗೆಗೆ ಅದರ ಉಪಯೋಗ ಏನೇ ಇರಲಿ, ಉಣ್ಣುವ ತಟ್ಟೆಗೆ ಅದು ಹೇಳಿಸಿದ್ದಲ್ಲ. ಬಿಳಿಯ ಎನಾಮೆಲ್ ತಟ್ಟೆಯದು ಇನ್ನೊಂದು ಕಥೆ. ಕಬ್ಬಿಣದ ತಗಡಿಗೆ ಗಾಜಿನ ಲೇಪ ಕೊಟ್ಟದ್ದು ಅದು. ಲೇಪ ನೆಟ್ಟಗಿರುವವರೆಗೆ ಹುಳಿಗೂ ಉಪ್ಪಿಗೂ ಜಗ್ಗುವುದಿಲ್ಲ. ಒಮ್ಮೆ ಬಿದ್ದು ಚಕ್ಕೆ ಎದ್ದಿತೆಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಸುತ್ತಲಿನ ಗಾಜು ಪುಡಿಯಾಗಿ ಉದುರುತ್ತದೆ. ಅಂಥದನ್ನು ಬೀದಿಯ ನಾಯಿಗೆ ಅನ್ನ ಹಾಕುವುದಕ್ಕೂ ಇಟ್ಟುಕೊಳ್ಳಬಾರದು.

ಈಗ ಸ್ಟೇನ್‌ಲೆಸ್ ಸ್ಟೀಲಿನ ಸರದಿ. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ, ಬಂದೂಕಿನ ನಳಿಕೆ ಬೇಗನೆ ಸವೆಯದಂತೆ ಮಾಡುವ ಉಕ್ಕನ್ನು ಹುಡುಕುತ್ತಿದ್ದ. ಕ್ರೋಮಿಯಂ ಬೆರೆಸಿದ ಉಕ್ಕು ಹುಳಿಗೆ ಜಗ್ಗದಿರುವುದನ್ನು ಕಂಡು, ಇದು ಊಟದ ಚಾಕುಗಳಿಗೆ ಲಾಯಕ್ಕಾದುದೆಂದು ಗುರುತಿಸಿದ. ಕೊಲ್ಲುವ ಆಯುಧಕ್ಕಾಗಿ ಹುಡುಕಿದ ಲೋಹ ಉಣ್ಣುವ ಮೇಜಿಗೆ ಬಂತು. ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಪಾಲಿಗೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಇದ್ದರೆ, ಗಾಳಿಯ ಆಮ್ಲಜನಕದೊಡನೆ ಕೂಡಿ ಅದು ಮೈಮೇಲೆ ಒಂದು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದ ಆ ಪೊರೆಯೇ ಉಕ್ಕಿನ ಕವಚ. ಗೀರಿದರೂ ಗಾಳಿ ಸೋಕಿದೊಡನೆ ಮತ್ತೆ ಕಟ್ಟಿಕೊಳ್ಳುತ್ತದೆ. ಹಿತ್ತಾಳೆಗೆ ಕಲಾಯಿಯವನು ಬೇಕು. ಸ್ಟೀಲು ತನ್ನ ಕಲಾಯಿಯನ್ನು ತಾನೇ ಹಾಕಿಕೊಳ್ಳುತ್ತದೆ. ನಮ್ಮ ಅಡಿಗೆಮನೆಗಳನ್ನು ಅದು ಗೆದ್ದುಕೊಂಡ ಗುಟ್ಟು ಇದು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಳೆಯುವ ಸ್ಟೀಲೆಲ್ಲ ಒಂದೇ ಜಾತಿಯದಲ್ಲ. 304 ಎಂಬ ಬಗೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತವೆ. ಪಾತ್ರೆಯ ತಳದಲ್ಲಿ 18/8 ಎಂದು ಒತ್ತಿರುವುದು ಇದನ್ನೇ ಸೂಚಿಸುತ್ತದೆ. ಊಟದ ತಟ್ಟೆಗೆ ಇದು ಉತ್ತಮ. ನಿಕ್ಕಲ್ ದುಬಾರಿಯಾದುದರಿಂದ ಅದನ್ನು ತಗ್ಗಿಸಿ ಮ್ಯಾಂಗನೀಸನ್ನು ಸೇರಿಸಿದ 200ರ ಸಾಲಿನ ಉಕ್ಕುಗಳಿವೆ. ಕೊಂಡಾಗ ಹೊಳಪಿನಲ್ಲಿ ವ್ಯತ್ಯಾಸವೇ ಕಾಣದು. ಬಳಸುತ್ತ ಹೋದಂತೆ ಕಲೆಗಳು ಬೇಗ ತಲೆದೋರುತ್ತವೆ. ನಿಕ್ಕಲ್ ಬೆರೆಸದ 430 ಎಂಬ ಬಗೆಯೂ ಉಂಟು; ಇದಕ್ಕೆ ಅಯಸ್ಕಾಂತ ಬಲವಾಗಿ ಅಂಟಿಕೊಳ್ಳುತ್ತದೆ. ‘ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು’ ಎಂಬ ಅಂಗಡಿಯ ಮಾತು ಅರ್ಧ ಮಾತ್ರ ನಿಜ. 304ಕ್ಕೂ ಅಂಟುವುದಿಲ್ಲ, ಅಗ್ಗದ 200ರ ಸಾಲಿಗೂ ಅಂಟುವುದಿಲ್ಲ. ಮೇಲಾಗಿ ಒಳ್ಳೆಯ ತಟ್ಟೆಯನ್ನೂ ಬಡಿದು ಬಾಗಿಸಿದ ಅಂಚಿನಲ್ಲಿ ಅಯಸ್ಕಾಂತ ಸ್ವಲ್ಪ ಎಳೆದೀತು. ಆದುದರಿಂದ ಮುದ್ರೆಯನ್ನೂ ರಸೀದಿಯನ್ನೂ ನೋಡುವುದೇ ಮೇಲು. ಸ್ಟೀಲು ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರ ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿತು. ಕೊಳ್ಳುವವರು ಕೇಳಿದರೆ ಮಾತ್ರ ಇಂತಹ ಆಜ್ಞೆಗಳಿಗೆ ಜೀವ ಬರುತ್ತದೆ.

ಸ್ಟೀಲಿಗೂ ಒಂದು ಮರ್ಮಸ್ಥಾನವಿದೆ, ಅದು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡು ಆ ತೆಳುಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಷ್ಟು ಗುಳಿಗಳನ್ನು ತೋಡುತ್ತದೆ. ಉಪ್ಪಿನಕಾಯಿಯನ್ನು ಹಿರಿಯರು ಜಾಡಿಯಲ್ಲಿಯೇ ಇಟ್ಟರಲ್ಲದೆ ಲೋಹದ ಡಬ್ಬಿಯಲ್ಲಿಡಲಿಲ್ಲ. ಅದಕ್ಕೆ ಇದೇ ಕಾರಣ. ಉಂಡ ತಟ್ಟೆಯನ್ನು ಉಪ್ಪಿನಕಾಯಿಯ ರಸದೊಡನೆ ಮರುದಿನದವರೆಗೆ ಬಿಡಬಾರದು. ಕೊಳವೆಬಾವಿಯ ಗಡಸು ನೀರು ಬಿಡುವ ಬಿಳಿಯ ಕಲೆ ಮಾತ್ರ ದೋಷವಲ್ಲ. ನಿಂಬೆಹೋಳಿನಿಂದ ಉಜ್ಜಿದರೆ ಹೋಗುತ್ತದೆ. ಇನ್ನು ತಗಡಿನ ದಪ್ಪ. ಅದನ್ನು ಗೇಜ್ ಎಂದು ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 24ಕ್ಕಿಂತ 20 ದಪ್ಪ. ಎರಡು ಕೈಗಳಲ್ಲಿ ಅಂಚನ್ನು ಹಿಡಿದು ಮೆಲ್ಲಗೆ ತಿರುಚಿದಾಗ ಬಳುಕುವ ತಟ್ಟೆ ಬೇಡ. ಅಂಚನ್ನು ಹೊರಕ್ಕೆ ಸುತ್ತಿ ಒತ್ತಿರಬೇಕು. ಸುತ್ತಿನ ಸಂದಿನಲ್ಲಿ ನೀರು ನಿಲ್ಲುವಂತಿರಬಾರದು.

ಪಿಂಗಾಣಿಯ ಮಾತು ಬಂದೊಡನೆ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ನೆನಪಾಗುತ್ತದೆ. ಬಿದ್ದರೆ ಒಡೆಯುತ್ತದೆ ಎಂಬುದೊಂದನ್ನು ಬಿಟ್ಟರೆ ಉಳಿದ ಪರೀಕ್ಷೆಗಳಲ್ಲಿ ಅದಕ್ಕೆ ಮೇಲ್ದರ್ಜೆಯೇ. ಹುಳಿ ಉಪ್ಪುಗಳು ಅದನ್ನು ಮುಟ್ಟಲಾರವು. ತಿಕ್ಕಿದರೆ ಸವೆಯುವುದು ಅತ್ಯಲ್ಪ. ಆದರೆ ಇಲ್ಲಿಯೂ ಜಾತಿಭೇದವಿದೆ. ಕಡಿಮೆ ಕಾವಿನಲ್ಲಿ ಸುಟ್ಟ ಮಣ್ಣಿನ ತಟ್ಟೆ ಹೊಳಪಿನ ಕೆಳಗೆ ಸ್ಪಂಜಿನಂತಿರುತ್ತದೆ. 1200 ಡಿಗ್ರಿಗೂ ಮೇಲ್ಪಟ್ಟ ಕಾವಿನಲ್ಲಿ ಬೆಂದದ್ದು ಗಾಜಿನಂತೆ ಗಟ್ಟಿಯಾಗಿರುತ್ತದೆ. ಎರಡನ್ನೂ ಗುರುತಿಸುವ ಉಪಾಯ ಸುಲಭ. ತಟ್ಟೆಯನ್ನು ಕವುಚಿ, ಹೊಳಪಿನ ಲೇಪವಿಲ್ಲದ ತಳದ ಬಳೆಯ ಮೇಲೆ ಒಂದು ಹನಿ ನೀರನ್ನಿಡಿ. ಹೀರಿಕೊಂಡರೆ ಅದು ಬಡಪಾಯಿ ಮಣ್ಣು. ಹನಿ ಹಾಗೆಯೇ ನಿಂತರೆ ಚೆನ್ನಾಗಿ ಬೆಂದದ್ದು. ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡುವಂತೆ ಇದನ್ನೂ ತಟ್ಟಿ ನೋಡಬೇಕು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತದೆ. ಬಿಳಿಯ ತಟ್ಟೆಯ ಮೇಲೆ ಮೂಡುವ ಬೂದುಬಣ್ಣದ ಗೆರೆಗಳು ಸಾಮಾನ್ಯವಾಗಿ ಗೀರುಗಳಲ್ಲ. ಸ್ಟೀಲು ಚಮಚ ಉಜ್ಜಿ ಬಿಟ್ಟ ಲೋಹ. ಮೆತ್ತನೆಯ ಪುಡಿಯಿಂದ ತಿಕ್ಕಿದರೆ ಹೋಗುತ್ತವೆ. ಊಟ ತಗಲುವ ಭಾಗದಲ್ಲಿ ಗಾಢವಾದ ಕೆಂಪು ಹಳದಿ ಚಿತ್ತಾರಗಳಿರುವ, ಊರು ಹೆಸರಿಲ್ಲದ ತಟ್ಟೆಗಳನ್ನು ಕೊಳ್ಳದಿರುವುದು ಒಳ್ಳೆಯದು. ಅಂತಹ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂಗಳು ಇರುವುದುಂಟು.

‘ಬೋನ್ ಚೈನಾ’ ಎಂಬುದು ಪಿಂಗಾಣಿಯಲ್ಲಿ ಶ್ರೀಮಂತ ಕುಲ. ತೆಳುವಾಗಿದ್ದರೂ ಅದು ಗಟ್ಟಿ; ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ಆದರೆ ಹೆಸರಿನಲ್ಲಿರುವ ‘ಬೋನ್’ ಅಲಂಕಾರಕ್ಕೆ ಇಟ್ಟದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಬಗೆಯಲ್ಲಿ ಅರ್ಧಕ್ಕೆ ಸಮೀಪದ ಪಾಲು ದನದ ಮೂಳೆಯ ಬೂದಿಯೇ. ಸಸ್ಯಾಹಾರದ ನಿಷ್ಠೆಯುಳ್ಳ ಮನೆಗಳಲ್ಲಿ ಇದನ್ನು ತಿಳಿಯದೆ ಕೊಂಡು, ತಿಳಿದ ಮೇಲೆ ಮನಸ್ಸು ಕೆಡಿಸಿಕೊಳ್ಳುವ ಪ್ರಸಂಗಗಳುಂಟು. ಕೊಳ್ಳುವ ಮೊದಲೇ ತಿಳಿದಿರುವುದು ಲೇಸು.

ಗಾಜಿನ ತಟ್ಟೆಗಳು ಇತ್ತೀಚಿನ ಅತಿಥಿಗಳು. ಕಾಯಿಸಿ ಥಟ್ಟನೆ ತಂಪುಗೊಳಿಸಿ ಹದಗೊಳಿಸಿದ ಗಾಜಿನ ಹೊರಮೈ ಒಳಕ್ಕೆ ಬಿಗಿದುಕೊಂಡಿರುತ್ತದೆ. ಆದುದರಿಂದ ಸಣ್ಣಪುಟ್ಟ ಪೆಟ್ಟಿಗೆ ಒಡೆಯುವುದಿಲ್ಲ. ಹಾಲುಗಾಜಿನಂತೆ ಬೆಳ್ಳಗಿರುವ ಓಪಲ್ ತಟ್ಟೆಗಳೂ ಬಹುಮಟ್ಟಿಗೆ ಇದೇ ವರ್ಗದವು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಮೂರು ಪದರಗಳ ಗಾಜನ್ನು ಒಂದಾಗಿ ಬೆಸೆದು ಕೊರೆಲ್ ಎಂಬ ತಟ್ಟೆಗಳನ್ನು ತಂದಿತು. ಇವು ಹಗುರ, ಒಂದರ ಮೇಲೊಂದು ಪೇರಿಸಿದರೆ ಹಿಡಿಯುವ ಜಾಗವೂ ಕಡಿಮೆ, ಮೈಕ್ರೋವೇವ್ ಒಲೆಗೂ ನಡೆಯುತ್ತವೆ. ಆದರೆ ಇವುಗಳ ಬಲವೆಲ್ಲ ಹೊರಮೈಯಲ್ಲಿದೆ. ಉಕ್ಕಿನ ನಾರಿನಿಂದ ಉಜ್ಜಿ ಗೀರು ಮಾಡಿದರೆ ಬಲ ಕುಗ್ಗುತ್ತದೆ. ಒಡೆದಾಗ ಎರಡು ಹೋಳಾಗಿ ಬೀಳುವುದಿಲ್ಲ, ಚೂರುಚೂರಾಗಿ ಮನೆಯೆಲ್ಲ ಹರಡುತ್ತದೆ. ಅಂಬೆಗಾಲಿಡುವ ಕೂಸಿರುವ ಮನೆಯವರು ಇದನ್ನು ನೆನಪಿನಲ್ಲಿಡಬೇಕು.

ಕೊನೆಯದು ಮೆಲಮೈನ್. ನೋಡಲು ಪಿಂಗಾಣಿ, ಎತ್ತಿದರೆ ಹಗುರ, ಬಿದ್ದರೆ ಒಡೆಯದು. ಮೇಲುನೋಟಕ್ಕೆ ಇದಕ್ಕಿಂತ ಬೇರೇನು ಬೇಕು ಎನ್ನಿಸುತ್ತದೆ. ಇದು ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ರಾಸಾಯನಿಕಗಳಿಂದ ಕಟ್ಟಿದ ಗಟ್ಟಿ ಪ್ಲಾಸ್ಟಿಕ್ಕು. ತಣ್ಣನೆಯ ತಿಂಡಿಗೆ ತೊಂದರೆಯಿಲ್ಲ. ಬಿಸಿ ಮತ್ತು ಹುಳಿ ಎರಡೂ ಕೂಡಿದಾಗ ಆ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆ. 70 ಡಿಗ್ರಿಗೆ ಮೀರಿದ ಬಿಸಿಗೆ ಇದನ್ನು ಬಳಸಬಾರದೆಂದು ಜರ್ಮನಿಯ ಸರ್ಕಾರಿ ಸಂಸ್ಥೆ ಎಚ್ಚರಿಸಿದೆ. ಕುದಿಯುವ ಸಾರನ್ನು ಒಲೆಯಿಂದ ನೇರವಾಗಿ ಬಡಿಸಿಕೊಂಡು ಉಣ್ಣುವ ನಾಡಿನಲ್ಲಿ ಈ ತಟ್ಟೆ ಯಾರ ಮನೆಯದು ಎಂಬುದನ್ನು ಓದುಗರೇ ನಿರ್ಧರಿಸಲಿ. ಮೈಕ್ರೋವೇವ್ ಒಲೆಯಲ್ಲಂತೂ ಇದನ್ನು ಇಡಲೇಬಾರದು. ಬಿದಿರಿನ ಪುಡಿಯನ್ನು ಈ ಪ್ಲಾಸ್ಟಿಕ್ಕಿನಲ್ಲಿ ಕಲಸಿ ‘ಪ್ರಕೃತಿಯ ಕೊಡುಗೆ’ ಎಂದು ಮಾರುವುದೂ ಉಂಟು; ಹೆಸರು ಬಿದಿರಿನದು, ಮೈ ಮೆಲಮೈನಿನದೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಉತ್ತರ ಮನೆಯನ್ನು ಅನುಸರಿಸಿದೆ. ಮಕ್ಕಳು ಓಡಾಡುವ, ಪಾತ್ರೆ ತೊಳೆಯಲು ಹೊತ್ತಿಲ್ಲದ, ಮುದ್ದೆ ಸಾರು ಅಥವಾ ಅನ್ನ ಹುಳಿ ಉಣ್ಣುವ ಮನೆಗೆ ಅಂಚು ಎತ್ತರವಾದ ದಪ್ಪ ಸ್ಟೀಲು ತಟ್ಟೆಯೇ ಸರಿ. ಉತ್ತರ ಕರ್ನಾಟಕದ ಗಂಗಾಳದ ಆಕಾರ ಇದಕ್ಕೆ ಮೇಲ್ಪಂಕ್ತಿ. ಸಾರು ಹೊರಚೆಲ್ಲದು, ರೊಟ್ಟಿ ಮುರಿದು ಕಲಸಿಕೊಳ್ಳಲು ಎಡೆಯಿರುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ, ರಾತ್ರಿ ಬಂದು ಬೆಳಗಿನದನ್ನೇ ಬಿಸಿ ಮಾಡಿಕೊಳ್ಳುವ ಸಂಸಾರಕ್ಕೆ ಸ್ಟೀಲಿನ ಜೊತೆಗೆ ಚೆನ್ನಾಗಿ ಬೆಂದ ಪಿಂಗಾಣಿಯೋ ಓಪಲ್ ಗಾಜೋ ನಾಲ್ಕಿರಲಿ. ಲೋಹವಾಗಲಿ ಚಿನ್ನದ ಗೆರೆಯ ಪಿಂಗಾಣಿಯಾಗಲಿ ಮೈಕ್ರೋವೇವಿಗೆ ಸಲ್ಲವು. ಕೈ ನಡುಗುವ ವೃದ್ಧರಿಗೆ ಭಾರವಾದ ಕಂಚೂ ಬೇಡ, ಒಡೆಯುವ ಗಾಜೂ ಬೇಡ; ಹಗುರವಾದ, ಅಂಚುಳ್ಳ ಸ್ಟೀಲು ತಟ್ಟೆ ಸಾಕು. ಪಿಂಗಾಣಿಯನ್ನು ಕೊಳ್ಳುವವರು ಬಿಡಿಯಾಗಿ ದೊರೆಯುವ ಬಿಳಿಯ ತಟ್ಟೆಗಳನ್ನೇ ಕೊಳ್ಳಲಿ. ಚಿತ್ತಾರದ ಜೋಡಣೆಯಲ್ಲಿ ಒಂದು ಒಡೆದರೆ ಅದಕ್ಕೆ ಹೊಂದುವ ಇನ್ನೊಂದು ಸಿಕ್ಕದು.

ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅಟ್ಟವನ್ನು ಹತ್ತಿ ನೋಡುವುದು. ಹೊಸ ತಟ್ಟೆಗಳು ಬಂದೊಡನೆ ಅಟ್ಟದ ಹಳೆಯ ಪಾತ್ರೆಗಳು ತೂಕಕ್ಕೆ ಹೋಗುವುದು ವಾಡಿಕೆ. “ಅತ್ತೆ, ಈ ಹಿತ್ತಾಳೆ ಸಾಮಾನನ್ನೆಲ್ಲ ಹಾಕಿಬಿಡೋಣವೇ?” ಎಂದು ಸೊಸೆ ಕೇಳುತ್ತಾಳೆ. “ಹಾಕಮ್ಮ, ಯಾರು ತಿಕ್ಕುತ್ತಾರೆ ಈಗ? ಒಂದೊಂದನ್ನೂ ತಟ್ಟಿ ನೋಡಿ ಹಾಕು” ಎಂದು ಅತ್ತೆ ಉತ್ತರಿಸುತ್ತಾರೆ. ಅತ್ತೆಯ ಮಾತಿನಲ್ಲಿ ಅರ್ಥವಿದೆ. ಮಸಿ ಹಿಡಿದ ಕಂಚೂ ಹಿತ್ತಾಳೆಯೂ ಕಣ್ಣಿಗೆ ಒಂದೇ. ಸತುವಿಗಿಂತ ತವರ ಬಹು ದುಬಾರಿ. ಆದುದರಿಂದ ಕಂಚಿನ ಬೆಲೆ ಹಿತ್ತಾಳೆಗಿಂತ ಹೆಚ್ಚು. ತಟ್ಟಿ ನೋಡದ ಮನೆಯಲ್ಲಿ ಕಂಚು ಹಿತ್ತಾಳೆಯ ದರಕ್ಕೆ ತಕ್ಕಡಿ ಏರುತ್ತದೆ. ಮತ್ತೆ ಕೊಳ್ಳಹೋದರೆ ಅದರ ಅನೇಕ ಪಾಲು ತೆರಬೇಕಾಗುತ್ತದೆ. ಮೂರು ತಲೆಮಾರು ಬಾಳಿದ್ದನ್ನು ಮಾರಿ ಮೂರು ವರ್ಷ ಬಾಳುವುದನ್ನು ತರುವ ವ್ಯಾಪಾರದಲ್ಲಿ ಲಾಭ ಯಾರಿಗೆಂದು ಹೇಳಬೇಕಾಗಿಲ್ಲ. ನುಡಿಯುವ ತಟ್ಟೆಗಳನ್ನು ಕೆಳಗಿಳಿಸಿ ಬೆಳಗಿ ಬಳಸಬಹುದು. ನುಡಿಯದವನ್ನು ಕಲಾಯಿಯವನು ಸಿಕ್ಕಿದರೆ ಇಟ್ಟುಕೊಳ್ಳಬಹುದು, ಸಿಕ್ಕದಿದ್ದರೆ ಮಾರಬಹುದು.

ಎಪ್ಪತ್ತರ ದಶಕದ ಮದುವೆಗಳಲ್ಲಿ ಹೆಸರನ್ನೂ ದಿನಾಂಕವನ್ನೂ ಕೆತ್ತಿಸಿ ಕೊಟ್ಟ ಸ್ಟೀಲು ತಟ್ಟೆಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ನಿತ್ಯದ ಊಟಕ್ಕಿವೆ. ಕೊಟ್ಟವರಲ್ಲಿ ಹಲವರು ಇಲ್ಲ. ಅಕ್ಷರಗಳು ಅರ್ಧ ಸವೆದಿವೆ. ತಟ್ಟೆ ಮಾತ್ರ ನೆಟ್ಟಗಿದೆ. ತಟ್ಟೆಯನ್ನು ಕೊಳ್ಳುವವರು ಅಷ್ಟು ದೂರವನ್ನು ಕಣ್ಣೆದುರಿಗಿಟ್ಟುಕೊಂಡು ಕೊಳ್ಳಲಿ. ಹೊಳಪು ಅಂಗಡಿಯ ದೀಪದ್ದು. ತೂಕ, ಅಂಚು, ದನಿ, ಮುದ್ರೆ, ಈ ನಾಲ್ಕು ತಟ್ಟೆಯವು. ನಾಲ್ಕನ್ನೂ ನೋಡಿ ಕೊಂಡವನು ಆ ತಟ್ಟೆಯ ಚಿಂತೆಯನ್ನು ಬಿಟ್ಟು ನೆಮ್ಮದಿಯಾಗಿ ಉಣ್ಣಬಹುದು.